ಆ ಡಾಕ್ಟ್ರು ಹೇಗೆ?

(ಒಂದು ಸಂಜೆ ಆಡಿದ ಮಾತಿನ ಬರಹ ರೂಪ. ಮಾತು ಅಲ್ಲಲ್ಲಿ ದಾರಿ ಬಿಟ್ಟು ಹೋಗಿದ್ದನ್ನು ಹಾಗೇ ಬಿಟ್ಟಿದ್ದೇನೆ. ಕೇಳುಗರ ಪ್ರಶ್ನೆಗಳು ಬಂದ ಜಾಗದಲ್ಲೇ ಇವೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ಚೀಟಿ ಬರೆದವಳು. ಹೆಸರು ಕೂಗುವುದು, ಫೋನ್ ಎತ್ತುವುದು, "ಇನ್ನೂ ಎಷ್ಟು ಹೊತ್ತಾಗುತ್ತೆ?" ಅಂತ ಕೇಳಿದವರಿಗೆಲ್ಲ ಉತ್ತರ ಕೊಡುವುದು ನನ್ನ ಕೆಲಸವಾಗಿತ್ತು. ಆ ಜಾಗದಲ್ಲಿ ಕೂತವರಿಗೆ ಒಂದು ಅನುಕೂಲ ಇದೆ. ಒಳಗೆ ಹೋಗುವ ಮುಂಚೆ ಜನ ಏನು ಹೇಳುತ್ತಾರೆ, ಹೊರಗೆ ಬಂದ ಮೇಲೆ ಏನು ಹೇಳುತ್ತಾರೆ, ಎರಡೂ ಕಿವಿಗೆ ಬೀಳುತ್ತದೆ. ಒಳಗೆ ಕೂತ ಡಾಕ್ಟರಿಗೆ ಈ ಎರಡೂ ಕೇಳಿಸುವುದಿಲ್ಲ.

ಹತ್ತಿರದಲ್ಲಿ ಒಳ್ಳೆ ಡಾಕ್ಟ್ರು ಯಾರಿದ್ದಾರೆ ಅಂತ ಯಾರನ್ನೇ ಕೇಳಿ, ಉತ್ತರ ಇಲ್ಲದವರೇ ಇಲ್ಲ. "ಕೈಗುಣ ತುಂಬಾ ಚೆನ್ನಾಗಿದೆ." "ಮಾತೇ ಆಡಲ್ಲ, ಆದರೆ ಔಷಧಿ ಸರಿಯಾಗಿ ಕೊಡ್ತಾರೆ." "ಅಯ್ಯೋ, ಅಲ್ಲಿಗೆ ಮಾತ್ರ ಹೋಗಬೇಡಿ." ಒಬ್ಬರೇ ಡಾಕ್ಟರ್ ಬಗ್ಗೆ ಈ ಮೂರೂ ಮಾತು ಕೇಳಿಬರುವುದೂ ಉಂಟು. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಎಲ್ಲರ ಅನುಭವವೂ ನಿಜ. ಆದರೆ ಆ ಅನುಭವ ಯಾವುದಕ್ಕೆ ಸಾಕ್ಷಿ? ಡಾಕ್ಟರ ವಿದ್ಯೆಗಾ, ಅವರು ಕಿವಿಗೊಟ್ಟು ಕೇಳಿದ್ದಕ್ಕಾ, ಕಾಯಿಸಿದ್ದಕ್ಕಾ, ಇಲ್ಲಾ ಕಾಯಿಲೆ ತಾನಾಗಿ ವಾಸಿಯಾಗಿದ್ದಕ್ಕಾ? ನಾವು ಎಲ್ಲವನ್ನೂ ಕಲಸಿ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಈ ಕಲಸುಮೇಲೋಗರದ ಬಗ್ಗೆಯೇ ಇವತ್ತು ಮಾತಾಡೋಣ ಅಂತ.

ಕೈಗುಣದಿಂದ ಶುರು ಮಾಡೋಣ. ಶೀತ ಆಗಿ ಕೆಮ್ಮು ಹಿಡಿಯಿತು ಅಂದುಕೊಳ್ಳಿ. ಅದು ಎಷ್ಟು ದಿನ ಇರುತ್ತೆ? ಅಮೆರಿಕದ ಜಾರ್ಜಿಯಾದಲ್ಲಿ ಕೆಲವರು ಜನರನ್ನು ಇದನ್ನೇ ಕೇಳಿದರು, 2013ರಲ್ಲಿ ಪ್ರಕಟಿಸಿದರು. ಜನ ಕೊಟ್ಟ ಉತ್ತರ, ಸುಮಾರು 7ರಿಂದ 9 ದಿನ. ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರೆ ಇಂಥ ಕೆಮ್ಮು ಸರಾಸರಿ 18 ದಿನದ ಹತ್ತಿರ ಇರುತ್ತದೆ. ನಾವು ಎಣಿಸಿದ್ದರ ಎರಡು ಪಟ್ಟು! ಡಾಕ್ಟರುಗಳ ಹೆಸರು ಕೆಡುವುದೂ ಏಳುವುದೂ ಈ ಮಧ್ಯದ ದಿನಗಳಲ್ಲೇ.

ಹೇಗೆ ಅಂದರೆ, ಮೂರನೇ ದಿನ ಒಬ್ಬರ ಹತ್ತಿರ ಹೋಗುತ್ತೀರಿ. ಅವರು ಎದೆ ಪರೀಕ್ಷೆ ಮಾಡಿ, ಏನೂ ಇಲ್ಲ, ತಾನಾಗಿ ಹೋಗುತ್ತೆ ಅನ್ನುತ್ತಾರೆ. ಹತ್ತನೇ ದಿನವೂ ಕೆಮ್ಮು ಇದೆ. "ಅವರಿಗೆ ಏನೂ ಗೊತ್ತಿಲ್ಲ" ಅಂತ ಇನ್ನೊಬ್ಬರ ಹತ್ತಿರ ಹೋಗುತ್ತೀರಿ, ಅವರು ಆಂಟಿಬಯೋಟಿಕ್ ಬರೆಯುತ್ತಾರೆ. ಅದೂ ನಾಟುವುದಿಲ್ಲ. ಹದಿನಾರನೇ ದಿನ ಯಾರೋ ಹೇಳಿದರು ಅಂತ ಮೂರನೆಯವರ ಹತ್ತಿರ ಹೋಗುತ್ತೀರಿ. ಎರಡೇ ದಿನಕ್ಕೆ ಕೆಮ್ಮು ಮಾಯ. ಆಮೇಲೆ ಜೀವನಪೂರ್ತಿ ಮೂರನೆಯವರ ಕೈಗುಣದ ಹೊಗಳಿಕೆ! ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು ಅಂತಾರಲ್ಲ, ಅದೇ. ಸರಿಯಾಗಿ ಹೇಳಿದ್ದು ಮೊದಲನೆಯವರು. ಬೈಗುಳ ಸಿಕ್ಕಿದ್ದೂ ಅವರಿಗೇ.

ಹಾಗಂತ ಮೊದಲನೆಯವರದು ತಪ್ಪೇ ಇಲ್ಲ ಅಂತಲ್ಲ. "ಈ ಕೆಮ್ಮು ಎರಡು ಮೂರು ವಾರ ಎಳೆಯಬಹುದು, ಗಾಬರಿ ಬೇಡ. ಉಸಿರಾಡೋಕೆ ಕಷ್ಟ ಆದರೆ, ಕಫದಲ್ಲಿ ರಕ್ತ ಕಂಡರೆ, ಜ್ವರ ಜಾಸ್ತಿ ಆದರೆ ತಕ್ಷಣ ಬನ್ನಿ" ಅಂತ ಅವರು ಹೇಳಿದ್ದರೆ ನೀವು ಎರಡನೆಯವರ ಹತ್ತಿರ ಯಾಕೆ ಹೋಗುತ್ತಿದ್ದಿರಿ? ಹೇಳೋಕೆ ಅರ್ಧ ನಿಮಿಷವೂ ಬೇಡ. ಕೌಂಟರಿನಲ್ಲಿ ಕೂತು ನಾನು ಕೇಳಿದ ಗೊಣಗಾಟದಲ್ಲಿ ಬಹುಪಾಲು ಇಂಥದ್ದೇ. ಔಷಧಿ ತಪ್ಪು ಅಂತ ಅಲ್ಲ, ಏನೂ ಹೇಳಲಿಲ್ಲ ಅಂತ.

ಈಗ ಕೇಳಿಸಿಕೊಳ್ಳುವ ವಿಷಯ. "ನಮ್ಮ ಡಾಕ್ಟ್ರು ಪಾಪ, ಹೇಳಿದ್ದೆಲ್ಲ ಕೇಳ್ತಾರೆ" ಅಂದಾಗ ಅದನ್ನು ಒಳ್ಳೆಯತನ ಅಂತ ತಿಳಿಯುತ್ತೇವೆ. ಅದು ಬರೀ ಒಳ್ಳೆಯತನ ಅಲ್ಲ, ಅದೇ ವೈದ್ಯಕೀಯ. 1975ರಲ್ಲಿ ಇಂಗ್ಲೆಂಡಿನ ವೈದ್ಯರು ಒಂದು ಲೆಕ್ಕ ಹಾಕಿದರು. ಹೊಸದಾಗಿ ಬಂದ 80 ರೋಗಿಗಳಲ್ಲಿ 66 ಜನರ ಕಾಯಿಲೆ ಏನು ಅನ್ನುವುದು, ಕಳಿಸಿದ ಡಾಕ್ಟರ ಕಾಗದ ಓದಿ ರೋಗಿಯ ಕಥೆ ಕೇಳಿದ ಹೊತ್ತಿಗೇ ಸರಿಯಾಗಿ ತಿಳಿದಿತ್ತು. ಆಮೇಲಿನ ಪರೀಕ್ಷೆಗಳು ಅದನ್ನು ಬದಲಾಯಿಸಲಿಲ್ಲ. ಸ್ಕ್ಯಾನುಗಳ ಕಾಲದಲ್ಲಿ ಈ ಲೆಕ್ಕ ಸ್ವಲ್ಪ ಆಚೀಚೆ ಆಗಿರಬಹುದು. ಆದರೂ ಯಾವ ಸ್ಕ್ಯಾನ್ ಮಾಡಿಸಬೇಕು ಅಂತ ತೀರ್ಮಾನ ಆಗುವುದು ನಿಮ್ಮ ಬಾಯಿಂದ ಬಂದ ಮಾತಿನ ಮೇಲೆ ಅಲ್ವಾ?

ಆ ಮಾತಿಗೆ ಎಷ್ಟು ಅವಕಾಶ ಸಿಗುತ್ತೆ? ಅಮೆರಿಕದಲ್ಲಿ 1984ರಲ್ಲಿ ಕ್ಲಿನಿಕ್ಕಿನ ಮಾತುಕತೆಗಳನ್ನು ಧ್ವನಿಮುದ್ರಿಸಿ ಅಳೆದಾಗ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕುತ್ತಿದ್ದರು. 1999ರಲ್ಲಿ ಮತ್ತೊಬ್ಬರು ಅಳೆದಾಗ 23 ಸೆಕೆಂಡ್. ಡಾಕ್ಟರುಗಳ ಕಡೆಯ ಸಮಜಾಯಿಷಿ ನನಗೆ ಗೊತ್ತು, ಎಷ್ಟೋ ಸಲ ಕೇಳಿದ್ದೇನೆ: "ಬಿಟ್ಟರೆ ಇವರು ಮೊಮ್ಮಗನ ಮದುವೆವರೆಗೂ ಹೇಳ್ತಾರೆ." ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದನ್ನೂ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಮಧ್ಯೆ ಮಾತಾಡಬೇಡಿ, ಸುಮ್ನೆ ಕೇಳಿ ಅಂತ ಡಾಕ್ಟರುಗಳಿಗೆ ಹೇಳಿ, ಗಡಿಯಾರ ಹಿಡಿದು ಕೂತರು. ರೋಗಿಗಳು ತಾವಾಗಿ ಮಾತು ಮುಗಿಸಲು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡ್. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ಮುಗಿಸಿದ್ದರು. 335 ಜನರಲ್ಲಿ ಐದು ನಿಮಿಷ ದಾಟಿದವರು ಏಳೇ ಜನ. ಆ ಏಳು ಜನ ಹೇಳಿದ್ದೂ ಕೇಳಬೇಕಾದ ವಿಷಯವೇ ಅಂತ ಡಾಕ್ಟರುಗಳೇ ಹೇಳಿದರು.

ಹಾಗಾಗಿ "ಡಾಕ್ಟ್ರು ಹೇಗೆ?" ಅಂತ ಯಾರಾದರೂ ಕೇಳಿದರೆ, ಎರಡು ನಿಮಿಷ ಸುಮ್ನೆ ಕೇಳಿಸಿಕೊಂಡರಾ ಅನ್ನುವುದು ಹೇಳಲೇಬೇಕಾದ ಸಂಗತಿ. ಅದು ನಿಮಗೆ ಮಾತ್ರ ಗೊತ್ತಿರುವ ಸಂಗತಿ. ಗೋಡೆಯ ಮೇಲಿನ ಸರ್ಟಿಫಿಕೇಟ್ ಅದನ್ನು ಹೇಳುವುದಿಲ್ಲ.

ಆದರೆ ಕೌಂಟರಿನ ಕಡೆಯಿಂದ ರೋಗಿಗಳಿಗೂ ಒಂದು ಮಾತು ಹೇಳಬೇಕು. ಮುಖ್ಯ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುವ ಅಭ್ಯಾಸ ನಮಗಿದೆ. ಮಂಡಿ ನೋವು ಅಂತ ಒಳಗೆ ಹೋಗುತ್ತಾರೆ, ಹತ್ತು ನಿಮಿಷ ಮಂಡಿಯ ಮಾತೇ ನಡೆಯುತ್ತೆ, ಎದ್ದು ಬಾಗಿಲ ಹಿಡಿಗೆ ಕೈ ಹಾಕಿದ ಮೇಲೆ "ಅಂದಹಾಗೆ ಡಾಕ್ಟ್ರೇ, ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗೆ ಆಗುತ್ತೆ" ಅನ್ನುತ್ತಾರೆ. ಭಯ ಇರುವುದೇ ಆ ಎದೆಯ ಬಗ್ಗೆ. ಮಂಡಿ ನೆಪ. ಕೆಲವರು ಒಳಗೂ ಹೇಳುವುದಿಲ್ಲ, ಹೊರಗೆ ಬಂದು ನನಗೆ ಹೇಳುತ್ತಾರೆ! ನಾನು ಅವರನ್ನು ಮತ್ತೆ ಒಳಗೆ ಕಳಿಸುತ್ತೇನೆ, ಸಾಲಿನಲ್ಲಿ ಕೂತ ಉಳಿದವರೆಲ್ಲ ನನ್ನನ್ನು ನುಂಗುವ ಹಾಗೆ ನೋಡುತ್ತಾರೆ. ನಿಮ್ಮ ಸರದಿ ತಡ ಆಗುವುದರ ಹಿಂದೆ ಎಷ್ಟೋ ಸಲ ಇಂಥ ಒಂದು ‘ಅಂದಹಾಗೆ’ ಇರುತ್ತದೆ. ಕಾಯಿಸಿದ್ದಕ್ಕೆ ಕೋಪ ಬರುವುದು ಸಹಜ, ಕಾಯುವುದು ಕಷ್ಟವೇ. ಆದರೆ ತಡ ಆಗುತ್ತೆ ಅಂತ ಯಾರೂ ಬಂದು ಹೇಳದೇ ಇದ್ದದ್ದು ಬೇರೆ ತಪ್ಪು, ಮುಂದಿನವರಿಗೆ ಹೊತ್ತು ಹಿಡಿದದ್ದು ತಪ್ಪೇ ಅಲ್ಲ.

ಹೊತ್ತಿನ ವಿಷಯ ಬಂದಿದ್ದರಿಂದ ಇನ್ನೊಂದು ಅಂಕಿ. 67 ದೇಶಗಳಲ್ಲಿ ಸ್ಥಳೀಯ ಡಾಕ್ಟರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಲೆಕ್ಕ ಹಾಕಿದ ಒಂದು ವರದಿ 2017ರಲ್ಲಿ ಬಂತು. ಸ್ವೀಡನ್ನಿನಲ್ಲಿ ಸರಾಸರಿ ಇಪ್ಪತ್ತೆರಡೂವರೆ ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ಪ್ರಪಂಚದ ಅರ್ಧ ಜನರಿಗೆ ಐದು ನಿಮಿಷ ಅಥವಾ ಅದಕ್ಕಿಂತ ಕಡಿಮೆ. 48 ಸೆಕೆಂಡಿನಲ್ಲಿ ಯಾವ ಪುಣ್ಯಾತ್ಮ ತಾನೇ ಏನು ಕೇಳಿಸಿಕೊಳ್ಳಲು ಸಾಧ್ಯ? ಇಲ್ಲಿ ಡಾಕ್ಟರನ್ನು ಬೈದು ಪ್ರಯೋಜನ ಇಲ್ಲ, ಸಾಲು ಅಷ್ಟು ಉದ್ದ ಆಗುವ ಹಾಗೆ ಬಿಟ್ಟವರನ್ನು ಕೇಳಬೇಕು. ವೇಲ್ಸ್‌ನ ಒಂದು ಗಣಿ ಊರಿನಲ್ಲಿ ಕೆಲಸ ಮಾಡುತ್ತಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನುವ ಡಾಕ್ಟರು 1971ರಲ್ಲೇ ಬರೆದಿದ್ದರು, ಒಳ್ಳೆಯ ವೈದ್ಯ ಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಅಂತ. ಅರ್ಧ ಶತಮಾನ ಆಯಿತು. ಬಡವರ ಬೀದಿಯ ಕ್ಲಿನಿಕ್ಕಿನಲ್ಲೇ ಸಾಲು ಉದ್ದ, ಮಾತು ಕಡಿಮೆ.

ಇದರಲ್ಲೂ ಒಂದು ಸಣ್ಣ ಚಮತ್ಕಾರ ಇದೆ. ಅಮೆರಿಕದ ಕಾನ್ಸಾಸ್‌ನಲ್ಲಿ ಶಸ್ತ್ರಚಿಕಿತ್ಸೆ ಆದವರನ್ನು ನೋಡಲು ಬರುವ ಡಾಕ್ಟರನ್ನು ಕೆಲವರ ಹತ್ತಿರ ನಿಂತು, ಕೆಲವರ ಹತ್ತಿರ ಕೂತು ಮಾತಾಡಲು ಹೇಳಿದರು. ನಿಜವಾಗಿ ಕಳೆದ ಹೊತ್ತು ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಒಂದು ಒಂದೂವರೆ ನಿಮಿಷ. ಕೂತು ಮಾತಾಡಿಸಿದವರ ರೋಗಿಗಳು ಮಾತ್ರ ಡಾಕ್ಟರು ತುಂಬಾ ಹೊತ್ತು ಇದ್ದರು ಅಂದರು. ಒಂದು ಕುರ್ಚಿ ಎಳೆದುಕೊಂಡರೆ ಸಾಕು. ಇದನ್ನು ನಾನು ನಾಟಕ ಅಂತ ಕರೆಯುವುದಿಲ್ಲ, ಕೂತವರು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಾರೆ, ನಿಂತವರ ಮೈ ಬಾಗಿಲ ಕಡೆ ತಿರುಗಿರುತ್ತದೆ.

(ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಹಾಗಾದರೆ ಜನ ಖುಷಿಯಾಗಿರೋ ಡಾಕ್ಟ್ರೇ ಒಳ್ಳೆಯವರು ಅಂತಾಯ್ತಲ್ಲ?")

ಇಲ್ಲ, ಸ್ವಾಮಿ. ಅಲ್ಲೇ ಇರೋದು ತೊಡಕು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಗಾದೆ ಇದೆಯಲ್ಲ, ಎಲ್ಲ ಸಲ ಅದು ಒಳ್ಳೆಯದಕ್ಕೇ ಆಗುತ್ತೆ ಅಂತಿಲ್ಲ. 1997ರಲ್ಲಿ ಆಸ್ಟ್ರೇಲಿಯಾದಿಂದ ಒಂದು ವರದಿ ಬಂತು. ಔಷಧಿ ಬರೆದುಕೊಡುತ್ತಾರೆ ಅಂತ ರೋಗಿ ನಿರೀಕ್ಷಿಸಿದ್ದರೆ ಅದು ಸಿಗುವ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚು. ಆದರೆ ರೋಗಿ ನಿರೀಕ್ಷಿಸುತ್ತಿದ್ದಾನೆ ಅಂತ ಡಾಕ್ಟರಿಗೆ ಅನ್ನಿಸಿದರೆ? ಹತ್ತು ಪಟ್ಟು. ಅಂದರೆ ನೀವು ಕೇಳದೇ ಇದ್ದರೂ, ಕೇಳುತ್ತೀರಿ ಅಂತ ಅವರೇ ಊಹಿಸಿಕೊಂಡು ಬರೆದುಕೊಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳುವುದಿಲ್ಲ, ಇಬ್ಬರಿಗೂ ಬೇಡದ ಮಾತ್ರೆ ಮನೆಗೆ ಬರುತ್ತದೆ. ವೈರಸ್ಸಿನಿಂದ ಬಂದ ನೆಗಡಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ ಅಂತ ಬರೆಯುವವರಿಗೂ ಚೆನ್ನಾಗಿ ಗೊತ್ತು. "ಏನೂ ಕೊಡಲಿಲ್ಲ, ಸುಮ್ನೆ ನೋಡಿ ಕಳಿಸಿದರು" ಅನ್ನುವ ದೂರನ್ನು ನಾನು ಕೌಂಟರಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. ಎಷ್ಟೋ ಸಲ ಅದು ದೂರಲ್ಲ, ಶಹಭಾಷ್‌ಗಿರಿ ಕೊಡಬೇಕಾದ ಕೆಲಸ. ಬರೆಯದೇ ಕಳಿಸೋಕೆ ಬರೆದು ಕಳಿಸೋದಕ್ಕಿಂತ ಜಾಸ್ತಿ ಧೈರ್ಯ ಬೇಕು, ಜಾಸ್ತಿ ಮಾತೂ ಬೇಕು.

ಇನ್ನೂ ಮುಜುಗರದ ವಿಷಯ ಇದೆ. 2012ರಲ್ಲಿ ಅಮೆರಿಕದ ಐವತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. ತಮ್ಮ ಡಾಕ್ಟರ ಬಗ್ಗೆ ಅತಿ ಹೆಚ್ಚು ತೃಪ್ತಿ ಇದ್ದವರು ಔಷಧಿಗೆ ಜಾಸ್ತಿ ಖರ್ಚು ಮಾಡಿದ್ದರು, ಆಸ್ಪತ್ರೆಗೆ ಜಾಸ್ತಿ ಸೇರಿದ್ದರು, ಅವರಲ್ಲಿ ಸಾವಿನ ಪ್ರಮಾಣವೂ ಅತಿ ಕಡಿಮೆ ತೃಪ್ತಿ ಇದ್ದವರಿಗಿಂತ 26 ಶೇಕಡಾ ಹೆಚ್ಚಿತ್ತು. ತೃಪ್ತಿಯೇ ಕೊಂದಿತು ಅಂತ ಇದರ ಅರ್ಥ ಅಲ್ಲ, ಕಾಯಿಲೆ ಜಾಸ್ತಿ ಇದ್ದವರು ಡಾಕ್ಟರನ್ನು ಹೆಚ್ಚು ನೆಚ್ಚಿಕೊಂಡಿದ್ದಿರಬಹುದು. ಆದರೆ ಜನ ಕೊಟ್ಟ ನಕ್ಷತ್ರಗಳನ್ನು ಎಣಿಸಿ ಡಾಕ್ಟರ ವಿದ್ಯೆ ಅಳೆಯಲಾಗದು ಅನ್ನುವುದಂತೂ ಇದರಿಂದ ಗೊತ್ತಾಗುತ್ತದೆ.

ನೆನಪಿನ ವಿಷಯವೂ ಹೀಗೇ ಮೋಸದ್ದು. ಕೆನಡಾದಲ್ಲಿ ಕರುಳಿನೊಳಗೆ ನಳಿಕೆ ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡಿಸಿಕೊಂಡ 682 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ಅದರಲ್ಲಿದ್ದರು, ವರದಿ ಬಂದದ್ದು 2003ರಲ್ಲಿ. ಅರ್ಧ ಜನರಿಗೆ ಪರೀಕ್ಷೆ ಮುಗಿದ ಮೇಲೂ ನಳಿಕೆಯನ್ನು ಅಲುಗಾಡಿಸದೆ ಮೂರು ನಿಮಿಷದವರೆಗೆ ಹಾಗೇ ಬಿಟ್ಟಿದ್ದರು. ಅವರಿಗೆ ಹಿಂಸೆ ಆದ ಹೊತ್ತು ಜಾಸ್ತಿಯೇ. ಆದರೆ ಕೊನೆಯ ನಿಮಿಷಗಳಲ್ಲಿ ನೋವು ಕಡಿಮೆ ಇತ್ತು ಅನ್ನುವ ಕಾರಣಕ್ಕೆ ಒಟ್ಟು ಅನುಭವವನ್ನೇ ಅವರು ಕಡಿಮೆ ಕೆಟ್ಟದ್ದು ಅಂತ ನೆನಪಿಟ್ಟುಕೊಂಡರು. ಕ್ಲಿನಿಕ್ಕಿನಲ್ಲಿ ಕೊನೆಗೆ ಸಿಗುವುದು ಯಾರು? ಕೌಂಟರಿನವರು, ಅಂದರೆ ನನ್ನಂಥವರು. ಒಳಗೆ ಡಾಕ್ಟರು ದೇವರ ಹಾಗೆ ನೋಡಿದ್ದರೂ ನಾನು ಹೊರಗೆ ಸಿಡುಕಿದರೆ "ಆ ಕ್ಲಿನಿಕ್ ಸರಿ ಇಲ್ಲ" ಅಂತಲೇ ಮನೆಗೆ ಹೋಗುವುದು.

ಕೌಂಟರಿನ ಬಗ್ಗೆ ಇನ್ನೂ ಒಂದಿದೆ, ಇದನ್ನು ಬಿಡುವ ಹಾಗಿಲ್ಲ. ಹತ್ತು ಜನರ ಎದುರಿಗೆ "ಏನು ತೊಂದರೆ ನಿಮಗೆ?" ಅಂತ ಗಟ್ಟಿಯಾಗಿ ಕೇಳುವುದು. ಮೂಲವ್ಯಾಧಿ ಇದ್ದವರು, ಮುಟ್ಟಿನ ತೊಂದರೆ ಇದ್ದವರು, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಗುವಿನ ತಾಯಿ, ಇವರೆಲ್ಲ ಏನು ಹೇಳಬೇಕು? "ಸ್ವಲ್ಪ ಹೊಟ್ಟೆ ನೋವು" ಅನ್ನುತ್ತಾರೆ. ಆ ಸುಳ್ಳು ಚೀಟಿಯ ಮೇಲೆ ಬರೆದು ಒಳಗೆ ಹೋಗುತ್ತದೆ, ಡಾಕ್ಟರ ಮೊದಲ ಪ್ರಶ್ನೆ ಹೊಟ್ಟೆಯ ಬಗ್ಗೆಯೇ ಇರುತ್ತದೆ, ಮಾತು ಅಲ್ಲೇ ದಾರಿ ತಪ್ಪುತ್ತದೆ. ನಿಮಗೆ ಹೀಗಾದರೆ "ಅದನ್ನು ಡಾಕ್ಟರ ಹತ್ತಿರವೇ ಹೇಳ್ತೀನಿ" ಅಂದುಬಿಡಿ. ಯಾವ ಕೌಂಟರಿನವರೂ ಇದಕ್ಕೆ ಅಡ್ಡ ಹೇಳಬಾರದು.

ವಯಸ್ಸಾದವರಿಗೆ ಆಗುವುದು ಬೇರೆ ಥರ. ಅಮ್ಮನಿಗೆ ತಲೆ ಸುತ್ತು, ಜೊತೆಗೆ ಮಗ ಬಂದಿದ್ದಾನೆ. ಡಾಕ್ಟರು ಮಗನನ್ನು ನೋಡಿ ಕೇಳುತ್ತಾರೆ: "ಇವರಿಗೆ ನಿದ್ದೆ ಬರುತ್ತಾ?" ಮಗ ಹೇಳುತ್ತಾನೆ: "ಬರುತ್ತೆ." ಅಮ್ಮ ರಾತ್ರಿಯೆಲ್ಲ ಎದ್ದು ಕೂತಿರುವುದು ಮಗನಿಗೆ ಗೊತ್ತಿಲ್ಲ, ಅವನು ಪಕ್ಕದ ಕೋಣೆಯಲ್ಲಿ ಮಲಗುತ್ತಾನೆ. ಹೊರಗೆ ಬಂದು ಆಕೆ ನನ್ನ ಹತ್ತಿರ ನಗುತ್ತಾ ಅಂದದ್ದು ಇದು: "ನನ್ನ ತಲೆ ಸುತ್ತು ನನ್ನ ಮಗ ಹೇಳಿದ, ಔಷಧಿ ನಾನು ನುಂಗಬೇಕು." ಜೊತೆಗೆ ಹೋಗುವವರು ಒಂದು ಕೆಲಸ ಮಾಡಬಹುದು. ಡಾಕ್ಟರು ನಿಮ್ಮನ್ನು ಕೇಳಿದರೂ ನೀವು ಅಮ್ಮನ ಕಡೆ ತಿರುಗಿ. "ಅಮ್ಮಾ, ನೀನೇ ಹೇಳು." ಡಾಕ್ಟರ ಕುರ್ಚಿಯೂ ಆ ಕಡೆ ತಿರುಗುತ್ತದೆ.

ಹೇಳಿದ್ದು ಮರೆತುಹೋಗುವುದು ಎಲ್ಲರಿಗೂ ಆಗುವುದೇ. ಡಾಕ್ಟರು ಹೇಳಿದ್ದರಲ್ಲಿ 40ರಿಂದ 80 ಶೇಕಡಾ ತಕ್ಷಣವೇ ಮರೆತುಹೋಗುತ್ತದೆ ಅಂತ 2003ರ ಒಂದು ವಿಮರ್ಶಾ ಲೇಖನ ಹೇಳುತ್ತದೆ. ಕೆಟ್ಟ ಸುದ್ದಿ ಕೇಳಿದ ಮೇಲಂತೂ ಮುಂದಿನದು ಯಾವುದೂ ತಲೆಗೆ ಇಳಿಯುವುದಿಲ್ಲ. "ನಾನು ಸರಿಯಾಗಿ ತಿಳ್ಕೊಂಡಿದ್ದೀನಾ ನೋಡಿ" ಅಂತ ಅವರ ಎದುರಿಗೇ ಒಂದು ಸಲ ವಾಪಸ್ ಹೇಳಿ. ಬೆಳಗ್ಗೆ ಒಂದು ಮಾತ್ರೆ, ರಾತ್ರಿ ಊಟ ಆದ ಮೇಲೆ ಇನ್ನೊಂದು, ಐದು ದಿನ, ಸರಿನಾ? ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ನೀವು ಹೀಗೆ ಕೇಳಿದ್ದಕ್ಕೆ ಸಿಟ್ಟಾದರೆ, ಅದೂ ಒಂದು ಅನುಭವವೇ. ಬೇರೆಯವರಿಗೆ ಹೇಳಲೇಬೇಕಾದ ಅನುಭವ.

(ಮತ್ತೊಂದು ಪ್ರಶ್ನೆ: "ಒಂದೇ ಡಾಕ್ಟ್ರ ಹತ್ತಿರ ವರ್ಷಗಟ್ಟಲೆ ಹೋಗೋದು ಒಳ್ಳೆಯದಾ? ಅಭ್ಯಾಸಬಲ ಅನ್ಸಲ್ವಾ?")

ಅಭ್ಯಾಸಬಲ ಇರಬಹುದು, ಆದರೆ ಲಾಭವೂ ಇದೆ. ನಾರ್ವೆಯಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಕುಟುಂಬ ವೈದ್ಯರನ್ನು ಗೊತ್ತು ಮಾಡಿರುತ್ತಾರೆ. ಅಲ್ಲಿಯ ಲಕ್ಷಾಂತರ ಜನರ ದಾಖಲೆ ನೋಡಿದಾಗ, 15 ವರ್ಷಕ್ಕಿಂತ ಹೆಚ್ಚು ಒಬ್ಬರೇ ಡಾಕ್ಟರ ಹತ್ತಿರ ಇದ್ದವರು, ಒಂದೇ ವರ್ಷದ ಪರಿಚಯ ಇದ್ದವರಿಗಿಂತ ತುರ್ತಾಗಿ ಆಸ್ಪತ್ರೆ ಸೇರುವುದು 28 ಶೇಕಡಾ ಕಡಿಮೆ, ಸಾವಿನ ಸಂಭವ 25 ಶೇಕಡಾ ಕಡಿಮೆ. ಅದ್ಭುತ ಔಷಧಿ ಏನೂ ಅಲ್ಲ. ನೀವು ಸಾಮಾನ್ಯವಾಗಿ ಹೇಗಿರುತ್ತೀರಿ ಅಂತ ಅವರಿಗೆ ಗೊತ್ತಿರುತ್ತದೆ. ಯಾವತ್ತೂ ಗೊಣಗದವರು ಇವತ್ತು ನೋವು ಅಂದರೆ ಕಿವಿ ನೆಟ್ಟಗಾಗುತ್ತದೆ. ಕೆಮ್ಮಿಗೆ ಮೂರು ಕ್ಲಿನಿಕ್ ಸುತ್ತುವವರಿಗೆ ಇದು ಸಿಗುವುದಿಲ್ಲ.

(ಕೊನೆಯ ಪ್ರಶ್ನೆ, ಮುಂದೆ ಕೂತಿದ್ದ ಒಬ್ಬ ಹೆಂಗಸಿನದು: "ನಮ್ಮ ಡಾಕ್ಟ್ರಿಗೆ ಕೆಲಸ ಚೆನ್ನಾಗಿ ಗೊತ್ತು, ಬಾಯಿ ಮಾತ್ರ ತುಂಬಾ ಒರಟು. ಬಿಡಬೇಕಾ?")

ಒಂದು ವಿಷಯ ನೋಡಿಕೊಳ್ಳಿ, ಅಕ್ಕ. ಅವರ ಬೈಗುಳಕ್ಕೆ ಹೆದರಿ ನೀವು ಏನನ್ನಾದರೂ ಮುಚ್ಚಿಡಲು ಶುರು ಮಾಡಿದ್ದೀರಾ? ಸಕ್ಕರೆ ಕಾಯಿಲೆಯವರಲ್ಲಿ ಇದು ನಡೆಯುತ್ತದೆ. ಮಾತ್ರೆ ವಾರದಲ್ಲಿ ಎರಡು ದಿನ ತಪ್ಪಿರುತ್ತದೆ, ಹೇಳಿದರೆ ಬೈತಾರೆ ಅಂತ "ದಿನಾ ತಗೊಳ್ತೀನಿ" ಅನ್ನುತ್ತಾರೆ. ದಿನಾ ತಗೊಂಡೂ ಸಕ್ಕರೆ ಇಳಿದಿಲ್ಲ ಅಂತ ಡಾಕ್ಟರು ಪ್ರಮಾಣ ಏರಿಸುತ್ತಾರೆ. ಆಮೇಲೆ ಯಾವುದೋ ಒಂದು ವಾರ ಮನಸ್ಸು ಮಾಡಿ ಸರಿಯಾಗಿ ನುಂಗಿದರೆ ಸಕ್ಕರೆ ಪಾತಾಳಕ್ಕೆ ಇಳಿದು ಬೆವರಿ ಬೀಳುತ್ತಾರೆ. ನಿಮಗೆ ಆ ಭಯ ಇಲ್ಲ, ಬೈದರೂ ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ಮುಟ್ಟಿ ನೋಡುತ್ತಾರೆ ಅಂದರೆ ಇರಿ, ಒರಟುತನ ಅವರ ಹಣೆಬರಹ. ಆದರೆ ಸತ್ಯ ಹೇಳೋಕೆ ಆಗದ ಜಾಗ ಅನ್ನಿಸಿದರೆ ಬಿಡಿ, ಎಷ್ಟೇ ವಿದ್ಯೆ ಇದ್ದರೂ.

ಬಿಡುವಾಗ ಸಿಟ್ಟಿನಲ್ಲಿ ಬರಿಗೈಯಲ್ಲಿ ಬರಬೇಡಿ. ಹಳೆ ರಕ್ತ ಪರೀಕ್ಷೆಯ ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಯಾವ ಔಷಧಿ ಆಗಿಬರುವುದಿಲ್ಲ ಅನ್ನುವುದು, ಇಷ್ಟನ್ನು ಕೇಳಿ ತಗೊಳ್ಳಿ. ಡಾಕ್ಟರನ್ನೇ ಕೇಳೋಕೆ ಮುಜುಗರ ಆದರೆ ಕೌಂಟರಿನಲ್ಲಿ ಕೇಳಿ. ಯಾಕೆ, ಎಲ್ಲಿಗೆ ಹೋಗ್ತಿದ್ದೀರಿ ಅಂತ ನಾವು ಕೇಳುವುದಿಲ್ಲ. ಜೆರಾಕ್ಸ್ ಮಾಡಿ ಕೊಡುತ್ತೇವೆ.